ತೋಳಿಗೆ ಅಂಟಿಸುವ ಶುಗರ್ ಸೆನ್ಸರ್: ದೀರ್ಘ ಬಳಕೆಯ ವಿಮರ್ಶೆ

ಫೋನ್ ಹಿಡಿದು ಸ್ಕ್ಯಾನ್ ಮಾಡುವ ಫ್ರೀಸ್ಟೈಲ್ ಲಿಬ್ರೆ ಎಂಬ ಶುಗರ್ ಸೆನ್ಸರ್‌ನ ಮೂಲ ಮಾದರಿಯ ಬಗ್ಗೆ ಈ ಬರಹ. ಇನ್ಸುಲಿನ್ ತೆಗೆದುಕೊಳ್ಳುವವರ ತೋಳಿನಲ್ಲಿ ಇದು ವರ್ಷವಿಡೀ ಇದ್ದರೆ ಒಳ್ಳೆಯದು. ಬರೀ ಮೆಟ್‌ಫಾರ್ಮಿನ್ ಮಾತ್ರೆಯ ಮೇಲಿರುವ ಟೈಪ್ 2 ಮಧುಮೇಹದವರಿಗೆ ಮೂರು ತಿಂಗಳಿಗೊಂದು ಸೆನ್ಸರ್ ಧಾರಾಳ ಸಾಕು. ಒಂದು ಸೆನ್ಸರ್ 14 ದಿನ ನಡೆಯುತ್ತದೆ. ತಿಂಗಳಿಗೆ ಎರಡು ಕೊಳ್ಳುವುದು ಎಲ್ಲರ ಕೈಗೂ ಎಟುಕುವ ಮಾತಲ್ಲ.

ಎಣ್ಣೆ ಸ್ನಾನದ ದಿನ ಹಾಕಬೇಡಿ. ತೋಳಿನ ಹಿಂಭಾಗವನ್ನು ಸೋಪಿನಲ್ಲಿ ತೊಳೆದು, ಸ್ಪಿರಿಟ್ ಹತ್ತಿಯಿಂದ ಒರೆಸಿ, ಪೂರ್ತಿ ಆರಿದ ಮೇಲೆಯೇ ಒತ್ತಿ. ಪಸೆ ಉಳಿದಿದ್ದರೆ ಎರಡು ಮೂರು ದಿನಕ್ಕೇ ಅಂಚು ಏಳುತ್ತದೆ, ಆಮೇಲೆ ಬಿಎಂಟಿಸಿ ಬಸ್ಸಿನ ನೂಕುನುಗ್ಗಲೋ ಬ್ಯಾಗಿನ ಪಟ್ಟಿಯೋ ಅದನ್ನು ಕಿತ್ತೇಬಿಡುತ್ತದೆ. ಸುತ್ತ ಮೈಕ್ರೋಪೋರ್ ಟೇಪ್ ಹಾಕಬಹುದು, ಆದರೆ ನಡುವಿನ ಸಣ್ಣ ರಂಧ್ರ ಮುಚ್ಚಬಾರದು. ಶುರುವಾಗಲು ಒಂದು ಗಂಟೆ ಬೇಕು. ಮೊದಲ ದಿನದ ಅಂಕಿಗಳನ್ನು ನಂಬಿ ಯಾವ ತೀರ್ಮಾನಕ್ಕೂ ಬರಬೇಡಿ.

ಬೆರಳು ಚುಚ್ಚಿ ನೋಡಿದರೆ ಬೇರೆ ಅಂಕಿ ಬರುತ್ತದೆ ಎಂಬ ದೂರು ಎಲ್ಲೆಡೆ ಕೇಳುತ್ತದೆ. ಸೆನ್ಸರ್ ಅಳೆಯುವುದು ರಕ್ತವನ್ನಲ್ಲ, ಚರ್ಮದಡಿಯ ದ್ರವವನ್ನು. ಶುಗರ್ ಏರುವಾಗ, ಇಳಿಯುವಾಗ ಅದು ಐದು ಹತ್ತು ನಿಮಿಷ ಹಿಂದಿರುತ್ತದೆ. ಹಾಗಾಗಿ ಅಂಕಿಗಿಂತ ಅದರ ಪಕ್ಕದಲ್ಲಿ ಶುಗರ್ ಯಾವ ಕಡೆಗೆ ಸಾಗುತ್ತಿದೆ ಎಂದು ತೋರಿಸುವ ಬಾಣದ ಗುರುತು ಮುಖ್ಯ. ನೇರ ಕೆಳಮುಖ ಬಾಣ ಎಂದರೆ ನಿಮಿಷಕ್ಕೆ 2 mg/dLಗಿಂತ (ನಮ್ಮಲ್ಲಿ ಶುಗರ್ ಅಳೆಯುವ ಮಾನ) ಹೆಚ್ಚು ಇಳಿತ. 110 ಇದ್ದದ್ದು ಕಾಲು ಗಂಟೆಯಲ್ಲಿ 80ಕ್ಕೂ ಕೆಳಗೆ ಹೋಗಬಹುದು. ಸಿಲ್ಕ್ ಬೋರ್ಡ್ ಟ್ರಾಫಿಕ್ಕಿಗೆ ಗಾಡಿ ಇಳಿಸುವ ಮುಂಚೆ ನೋಡಬೇಕಾದದ್ದು ಇದನ್ನೇ.

70ಕ್ಕಿಂತ ಕೆಳಗಿಳಿದರೆ ಮೂರು ಟೀ ಚಮಚ, ಅಂದರೆ ಸುಮಾರು 15 ಗ್ರಾಂ, ಗ್ಲೂಕೋಸ್ ಪುಡಿ ನೀರಿಗೆ ಹಾಕಿ ಕುಡಿದು, 15 ನಿಮಿಷ ಬಿಟ್ಟು ಬೆರಳು ಚುಚ್ಚಿ ನೋಡಿ. ಆಗ ಸೆನ್ಸರ್ ನೋಡಿದರೆ ಇನ್ನೂ ಕಡಿಮೆಯೇ ತೋರಿಸುತ್ತಿರಬಹುದು. ಗಾಬರಿಯಲ್ಲಿ ಮತ್ತೆ ಮತ್ತೆ ಕುಡಿದು 250 ದಾಟಿಸಿಕೊಳ್ಳುವುದು ಹೀಗೆಯೇ. ರಾತ್ರಿ ಆ ತೋಳಿನ ಮೇಲೆ ಮಲಗಿದರೂ ಸುಳ್ಳು ಇಳಿತ ಕಾಣುತ್ತದೆ. ದೊಡ್ಡ ಪ್ರಮಾಣದ ವಿಟಮಿನ್ ಸಿ ಮಾತ್ರೆ ನುಂಗಿದರೆ ಸುಳ್ಳು ಏರಿಕೆ. ಈ ಮಾದರಿಯಲ್ಲಿ ಅಲಾರಂ ಇಲ್ಲ, ನಿದ್ದೆಯಲ್ಲಿ ಶುಗರ್ ಇಳಿಯುವವರಿಗೆ ಅದು ದೊಡ್ಡ ಕೊರತೆ.

ನನ್ನ ಲೆಕ್ಕದಲ್ಲಿ ಕೊಟ್ಟ ದುಡ್ಡು ಸಾರ್ಥಕವಾಗುವುದು ಊಟದ ವಿಷಯದಲ್ಲಿ. ರಾಗಿ ತಿಂದರೆ ಶುಗರ್ ಏರೊಲ್ಲ ಎಂದು ನಂಬಿದವರು ಎಷ್ಟೋ ಮಂದಿ. 75 ಗ್ರಾಂ ಹಿಟ್ಟಿನ ಮುದ್ದೆಯಲ್ಲಿ ಸುಮಾರು 50 ಗ್ರಾಂ ಕಾರ್ಬೋಹೈಡ್ರೇಟ್ ಇರುತ್ತದೆ. ಗ್ರಾಫ್ ಅದನ್ನು ಮುಲಾಜಿಲ್ಲದೆ ತೋರಿಸುತ್ತದೆ. ಹೀಗೆ ಹೋಲಿಸಿ ನೋಡಿ: ಒಂದು ದಿನ ಮುದ್ದೆ, ಸಾರು. ಇನ್ನೊಂದು ದಿನ ಅದೇ ಹೊತ್ತಿಗೆ ಮೊದಲು ಕೋಸಂಬರಿ, ಹುರುಳಿಕಾಯಿ ಪಲ್ಯ, ಆಮೇಲೆ ಅಷ್ಟೇ ಗಾತ್ರದ ಮುದ್ದೆ, ಊಟ ಮುಗಿಸಿ 15 ನಿಮಿಷ ನಡಿಗೆ. ಮೊದಲ ತುತ್ತಿನಿಂದ ಒಂದು ಗಂಟೆ, ಎರಡು ಗಂಟೆಯ ಅಂಕಿ ಬರೆದಿಟ್ಟುಕೊಳ್ಳಿ. ದರ್ಶಿನಿ ಇಡ್ಲಿಯನ್ನು ಹೀಗೆ ನೋಡುವಾಗ ಸಾಂಬಾರನ್ನು ಮರೆಯಬೇಡಿ, ಅದರಲ್ಲಿ ಬೆಲ್ಲ ಇರುತ್ತದೆ.

ವಾಟ್ಸಾಪ್, ಟೆಲಿಗ್ರಾಂ ಗುಂಪುಗಳು ಟೇಪ್ ಯಾವುದು, ಸ್ಕ್ಯಾನ್ ಆಗದಿದ್ದರೆ ಏನು ಎಂಬ ಪ್ರಶ್ನೆಗಳಿಗೆ ಬಹಳ ಉಪಯುಕ್ತ. ಹೊರದೇಶದವರು ತಮ್ಮ ಅಳತೆಯಾದ mmol/Lನಲ್ಲಿ 7.8 ಎಂದು ಬರೆದಿದ್ದರೆ 18ರಿಂದ ಗುಣಿಸಿ, ನಮ್ಮ ಅಳತೆಯಲ್ಲಿ 140. ಆದರೆ ಮಾತ್ರೆ ಬಿಡಿ, ಅನ್ನ ಪೂರ್ತಿ ಬಿಡಿ ಎನ್ನುವ ಸಲಹೆ ಬಂದರೆ ಅಲ್ಲಿಗೇ ನಿಲ್ಲಿಸಿ. ಶುಗರನ್ನು ಮೂತ್ರದಲ್ಲಿ ಹೊರಹಾಕುವ ಡಾಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಮಾತ್ರೆ ತೆಗೆದುಕೊಳ್ಳುತ್ತಿರುವವರು ಕಾರ್ಬೋಹೈಡ್ರೇಟ್ ತೀರಾ ಕಡಿಮೆ ಮಾಡಿದರೆ ಶುಗರ್ ಹೆಚ್ಚೇನೂ ಇಲ್ಲದಿದ್ದರೂ ಕೀಟೋಅಸಿಡೋಸಿಸ್, ಅಂದರೆ ಕೀಟೋನ್ ಹೆಚ್ಚಿ ರಕ್ತ ಆಮ್ಲೀಯವಾಗುವ ಸ್ಥಿತಿ, ಆಗಬಹುದು. ಇದು ಆಸ್ಪತ್ರೆಗೆ ಓಡಬೇಕಾದ ತುರ್ತು, ಸೆನ್ಸರ್ ಇದನ್ನು ತೋರಿಸುವುದೂ ಇಲ್ಲ.

ಡಾಕ್ಟರ ಹತ್ತಿರ ಹೋಗುವಾಗ 14 ದಿನದ ವರದಿಯನ್ನು ಪ್ರಿಂಟ್ ಮಾಡಿಸಿಕೊಂಡು ಹೋಗಿ. ಸಾಮಾನ್ಯವಾಗಿ 70ರಿಂದ 180ರೊಳಗೆ ಇರುವ ಹೊತ್ತು ಶೇ 70ಕ್ಕಿಂತ ಹೆಚ್ಚಿರಬೇಕು, 70ಕ್ಕಿಂತ ಕೆಳಗಿನದು ಶೇ 4ಕ್ಕಿಂತ ಕಡಿಮೆ. ಸೆನ್ಸರ್ ಎಂಟು ಗಂಟೆಯ ದಾಖಲೆ ಮಾತ್ರ ಇಟ್ಟುಕೊಳ್ಳುತ್ತದೆ. ಆದ್ದರಿಂದ ಮಲಗುವ ಮುಂಚೆ ಒಮ್ಮೆ, ಎದ್ದ ಕೂಡಲೇ ಒಮ್ಮೆ ಸ್ಕ್ಯಾನ್ ಮಾಡಿ, ಇಲ್ಲದಿದ್ದರೆ ಆ ರಾತ್ರಿಯ ಗೆರೆ ನಡುವೆ ತುಂಡಾಗಿರುತ್ತದೆ.