ಮಂಡಿಪೇಟೆಯ ಪುಸ್ತಕದಂಗಡಿಯಲ್ಲಿ ಅಕ್ಕನ ಸಾಲು

ದಾವಣಗೆರೆಯ ಮಂಡಿಪೇಟೆಯ ಹಳೆಯ ಪುಸ್ತಕದಂಗಡಿಯೊಂದರಲ್ಲಿ 12ನೆಯ ಶತಮಾನದ ವಚನಕಾರ್ತಿ ಅಕ್ಕಮಹಾದೇವಿಯನ್ನು ಕುರಿತ ಪುಸ್ತಕಗಳಿಗೇ ಪ್ರತ್ಯೇಕ ಸಾಲೊಂದಿದ್ದು, ವಚನಗಳ ಜೊತೆಗೆ ತ್ರಿಪದಿಯಲ್ಲಿರುವ ‘ಯೋಗಾಂಗ ತ್ರಿವಿಧಿ’ಯೂ ಅಲ್ಲಿ ದೊರೆಯುತ್ತದೆ. ಉಡುತಡಿಯ ಈ ಹೆಣ್ಣುಮಗಳು ಅರಸ ಕೌಶಿಕನನ್ನು ಮದುವೆಯಾದಳೇ ಎಂದು ಕೇಳಿದಾಗ, ಅಂಗಡಿಯ ಹಿರಿಯರು ಷರತ್ತಿನ ಮೇಲೆ ಮದುವೆಯಾಯಿತೆನ್ನುವ ಹರಿಹರನ ರಗಳೆಯನ್ನೂ, ಅದನ್ನು ಒಪ್ಪದ ಚಾಮರಸನ ‘ಪ್ರಭುಲಿಂಗಲೀಲೆ’ಯನ್ನೂ ಒಟ್ಟಿಗೇ ಮುಂದಿಟ್ಟು, ಓದಿ ನೀವೇ ತೀರ್ಮಾನಿಸಿ ಎಂದರು, ಇಂಥ ತಿಳಿವಳಿಕೆ ಇಂದಿನ ಮಾರಾಟಗಾರರಲ್ಲಿ ಅಪರೂಪ. ಕಲ್ಯಾಣದಲ್ಲಿ ಅಕ್ಕನಿಗೆ ಅಲ್ಲಮಪ್ರಭುವಿನೊಡನೆ ನಡೆದ ಸಂವಾದಕ್ಕಾಗಿ ‘ಶೂನ್ಯಸಂಪಾದನೆ’ ಬೇಕೆಂದರೆ ಮೊದಲೇ ಹೇಳಿ ತರಿಸಿಕೊಳ್ಳಬೇಕು. ಅಗ್ಗದ ಸಂಗ್ರಹವೊಂದರಲ್ಲಿ ಅಕ್ಕನ ವಚನಗಳ ಕೊನೆಗೆ ಬರುವ ‘ಚೆನ್ನಮಲ್ಲಿಕಾರ್ಜುನ’ ಎಂಬ ಅಂಕಿತವೇ ತಪ್ಪಾಗಿ ಅಚ್ಚಾಗಿರುವುದು ನೋವಿನ ಸಂಗತಿ. ಅದರ ಬದಲು ಕಠಿಣ ಪದಗಳಿಗೆ ಅರ್ಥ ಕೊಟ್ಟಿರುವ ಪ್ರತಿಗೆ ಸ್ವಲ್ಪ ಹೆಚ್ಚು ಹಣ ತೆರುವುದೇ ಲೇಸು.