ಹೆಗ್ಗೋಡಿನ ನೀನಾಸಂ ರಂಗಶಾಲೆ: ಕಲಿಸಿದೋರು, ಕಲ್ತು ಹೋದೋರು

ನಮ್ಮೂರಲ್ಲಿ ನೀನಾಸಂನ ಊರೂರು ಸುತ್ತೋ ತಂಡ 'ತಿರುಗಾಟ'ದ ನಾಟಕ ಮುಗಿದು ಜನ ಚಪ್ಪಲಿ ಹುಡುಕ್ತಾ ಇದ್ರು, ಅಷ್ಟರಲ್ಲಿ ಆಗಷ್ಟೇ ರಾಜನ ಪಾರ್ಟ್ ಮಾಡಿದ್ದ ಹುಡುಗ ಬನಿಯನ್ನಲ್ಲಿ ಬಂದು ಲೈಟಿನ ವೈರ್ ಸುತ್ತೋಕೆ ಶುರು ಮಾಡ್ದ. ಮುಖದ ಬಣ್ಣ ಇನ್ನೂ ಪೂರ್ತಿ ಹೋಗಿರ್ಲಿಲ್ಲ. ನೀನಾಸಂ ನಂಗೆ ಮನಸ್ಸಿಗೆ ಹತ್ತಿದ್ದು ಅಲ್ಲಿಂದ, ಆಮೇಲೆ ಅಕ್ಟೋಬರ್ ಶಿಬಿರದ ಟೈಮಲ್ಲಿ ಹೆಗ್ಗೋಡಿಗೇ ಹೋಗಿ ನೋಡ್ಕೊಂಡು ಬಂದೆ.

ಸಾಗರದ ಹತ್ರ ಅಡಿಕೆ ತೋಟದ ನಡುವೆ ಇರೋ ಹಳ್ಳಿ. ನೀನಾಸಂ ಅಂದ್ರೆ ನೀಲಕಂಠೇಶ್ವರ ನಾಟ್ಯ ಸಂಘ, 1949ರಲ್ಲಿ ಊರೋರೇ ಸೇರಿ ಕಟ್ಟಿದ್ದು, ಅದನ್ನ ಈ ಮಟ್ಟಕ್ಕೆ ಬೆಳೆಸಿದ್ದು ಕೆ.ವಿ. ಸುಬ್ಬಣ್ಣ, 1991ರಲ್ಲಿ ಅವ್ರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ರಂಗಶಾಲೆ ಶುರುವಾಗಿದ್ದು 1980ರಲ್ಲಿ. ಅಲ್ಲೇ ಇದ್ಕೊಂಡು ಒಂದು ವರ್ಷ ಕಲಿಯೋ ಕೋರ್ಸು.

ಮೇಷ್ಟ್ರುಗಳ ವಿಷ್ಯ ಹೇಳ್ಲೇಬೇಕು. ಚಿದಂಬರರಾವ್ ಜಂಬೆ ಸುಮಾರು ವರ್ಷ ಪ್ರಿನ್ಸಿಪಾಲ್ ಆಗಿದ್ರು, ಆಮೇಲೆ ಮೈಸೂರಿನ ಸರ್ಕಾರಿ ನಾಟಕ ಸಂಸ್ಥೆ ರಂಗಾಯಣಕ್ಕೂ ನಿರ್ದೇಶಕರಾದ್ರು. ಸುಬ್ಬಣ್ಣನವರ ಮಗ ಕೆ.ವಿ. ಅಕ್ಷರ ದೆಲ್ಲಿಯ ರಾಷ್ಟ್ರೀಯ ನಾಟಕ ಶಾಲೆ ಎನ್‌ಎಸ್‌ಡಿಲಿ ಓದಿ, ಇಂಗ್ಲೆಂಡಿನ ಲೀಡ್ಸ್ ಯೂನಿವರ್ಸಿಟಿಗೂ ಹೋಗ್ಬಂದು, ಮತ್ತೆ ಇದೇ ಊರಲ್ಲಿ ಕೂತು ಪಾಠ ನಾಟಕ ಎಲ್ಲಾ ಮಾಡ್ತಾರೆ ಅನ್ನೋದು ನಂಗಂತೂ ಭಾಳ ದೊಡ್ಡ ವಿಷ್ಯ.

ಕಲ್ತು ಹೋದೋರಲ್ಲಿ ಅಚ್ಯುತ್ ಕುಮಾರ್ ಎಲ್ರಿಗೂ ಗೊತ್ತು, ಸತೀಶ್ ನೀನಾಸಂ ಅಂತೂ ಹೆಸರಲ್ಲೇ ಶಾಲೆ ಇಟ್ಕೊಂಡಿದಾರೆ. ಸಿನಿಮಾ ಮುಖಗಳನ್ನ ಮಾತ್ರ ಲೆಕ್ಕಕ್ಕೆ ತಗೊಂಡ್ರೆ ಈ ಶಾಲೆ ಅರ್ಧನೂ ಕಾಣಲ್ಲ. ಮಂಡ್ಯ ರಮೇಶ್ ಸಿನಿಮಾದಲ್ಲೂ ಇದ್ದು ಮೈಸೂರಲ್ಲಿ 'ನಟನ' ಅನ್ನೋ ರಂಗಶಾಲೆ ಕಟ್ಟಿದ್ರು, ಅಲ್ಲೀಗ ಮಕ್ಕಳು ನಾಟಕ ಕಲೀತಾರೆ. ನೀನಾಸಂನಿಂದ್ಲೇ ಬಂದ ಕೆ.ಜಿ. ಕೃಷ್ಣಮೂರ್ತಿ ಶರಾವತಿ ಹಿನ್ನೀರಿನ ಆಚೆ ತುಮರಿಲಿ ಕಿನ್ನರ ಮೇಳ ಅನ್ನೋ ತಂಡ ಮಾಡಿ ಮಕ್ಕಳ ನಾಟಕಕ್ಕೇ ನಿಂತ್ರು. ಹೆಸರು ಗೊತ್ತಿಲ್ದೇ ಇರೋರು ಇನ್ನೆಷ್ಟೋ ಜನ ಸ್ಕೂಲಲ್ಲಿ, ಸಣ್ಣ ಸಣ್ಣ ಊರಿನ ತಂಡಗಳಲ್ಲಿ ನಾಟಕ ಆಡಿಸ್ತಾ ಇದಾರೆ.

ಒಂದೇ ಕೊರತೆ ಅಂದ್ರೆ ಒಂದು ವರ್ಷ ಸಾಲಲ್ಲ ಅನ್ಸತ್ತೆ. ಆದ್ರೆ 1985ರಿಂದ ಇರೋ ತಿರುಗಾಟ ಆ ಕೊರತೆ ತುಂಬತ್ತೆ, ತಿಂಗಳುಗಟ್ಲೆ ಊರೂರು ಸುತ್ತೋದು, ಸೆಟ್ಟು ಅವ್ರೇ ಕಟ್ಟೋದು ಅವ್ರೇ ಬಿಚ್ಚೋದು. ನಿಮ್ಮೂರಿಗೆ ಬಂದ್ರೆ ಮಕ್ಕಳನ್ನ ಕರ್ಕೊಂಡು ಹೋಗಿ, ಮುಗಿದ ತಕ್ಷಣ ಎದ್ದು ಬರ್ಬೇಡಿ, ಸೆಟ್ಟು ಬಿಚ್ಚೋದನ್ನೂ ಕೂತು ನೋಡಿ.