ಗಣಿತದ ಲೇಖನ ಕಳಿಸುವ ಮುಂಚೆ ಇದನ್ನು ಓದಿ: ಮೂರರ ವರ್ಗ ಮೂವತ್ತೆರಡಾದ ಕಥೆ

ಡಿಗ್ರಿ ಕಾಲೇಜಿನಲ್ಲಿ ಗಣಿತ ಪಾಠ ಮಾಡುವವರು, ಪಿಎಚ್‌ಡಿ ಮಾಡುತ್ತಿರುವವರು, ಎಂಎಸ್ಸಿ ಪ್ರಾಜೆಕ್ಟ್ ಚೆನ್ನಾಗಿ ಬಂದಿದೆ, ಎಲ್ಲಾದರೂ ಪಬ್ಲಿಷ್ ಮಾಡಿಸಬೇಕು ಅಂತ ಹುಡುಕುತ್ತಿರುವವರು, ದಯವಿಟ್ಟು ಇದನ್ನು ಪೂರ್ತಿ ಓದಿ. ಅದರಲ್ಲೂ ನಿಮ್ಮದು ಹೊಸ ಪ್ರಮೇಯದ ಪೇಪರ್ ಆಗಿರದೆ, ಗೊತ್ತಿರುವ ಗಣಿತವನ್ನೇ ಬಿಡಿಸಿ ತಿಳಿಸುವ ಲೇಖನವಾಗಿದ್ದರೆ ಇನ್ನೂ ಹುಷಾರಾಗಿರಬೇಕು. ಇಂಥ ಲೇಖನ ಕಳ್ಳ ಜರ್ನಲ್ (ಸರಿಯಾಗಿ ಪರಿಶೀಲಿಸದೆ, ದುಡ್ಡಿಗಾಗಿ ಏನನ್ನಾದರೂ ಪ್ರಕಟಿಸುವ ಪತ್ರಿಕೆ) ಕೈಗೆ ಸಿಕ್ಕಿದರೆ ದುಡ್ಡು ಹೋಗುವುದು ಸಣ್ಣ ವಿಷಯ. ಲೇಖನವೇ ಹೋಗುತ್ತದೆ.

ನಮಗೆ ಆಗಿದ್ದು ಅದೇ. ಜರ್ನಲ್ ಹೆಸರು ಹೇಳುವುದಿಲ್ಲ, ಕೇಳಬೇಡಿ. ಹೇಳಿದರೂ ಪ್ರಯೋಜನವಿಲ್ಲ, ಇಂಥವರು ನಾಳೆ ಬೇರೆ ಬೋರ್ಡ್ ಹಾಕಿಕೊಂಡು ಬರುತ್ತಾರೆ. ಕೆಲಸ ಮಾಡುವ ರೀತಿ ಮಾತ್ರ ಬದಲಾಗುವುದಿಲ್ಲ, ಅದನ್ನು ಹೇಳುತ್ತೇನೆ.

ಲೇಖನ ಬರೆದಿದ್ದು ನಾನು ಮತ್ತು ನಮ್ಮ ಡಿಪಾರ್ಟ್‌ಮೆಂಟಿನ ಇನ್ನೊಬ್ಬ ಲೆಕ್ಚರರ್. ಅವರನ್ನು ಇಲ್ಲಿ ಮೇಡಂ ಅಂತಲೇ ಕರೆಯುತ್ತೇನೆ. ವಿಷಯ ಮಹಾವೀರಾಚಾರ್ಯರ ಭಿನ್ನರಾಶಿಗಳು. ಒಂಬತ್ತನೇ ಶತಮಾನ, ರಾಷ್ಟ್ರಕೂಟ ಅಮೋಘವರ್ಷ ನೃಪತುಂಗನ ಕಾಲ. ಆಚಾರ್ಯರ 'ಗಣಿತಸಾರಸಂಗ್ರಹ' ಗ್ರಂಥದ ಕಲಾಸವರ್ಣ (ಭಿನ್ನರಾಶಿಗಳ) ಭಾಗದಲ್ಲಿ ಒಂದು ಚಂದದ ನಿಯಮ ಇದೆ. ಒಂದು ಎಂಬ ಸಂಖ್ಯೆಯನ್ನು ಅಂಶ 1 ಇರುವ ಭಿನ್ನರಾಶಿಗಳ ಮೊತ್ತವಾಗಿ, ನಿಮಗೆ ಎಷ್ಟು ಬೇಕೋ ಅಷ್ಟು ತುಂಡು ಮಾಡಿ ಬರೆಯುವುದು ಹೇಗೆ ಅಂತ. ಮೊದಲು ಅರ್ಧ ತೆಗೆದುಕೊಳ್ಳಿ. ಆಮೇಲೆ ಮೂರನೇ ಒಂದು, ಒಂಬತ್ತನೇ ಒಂದು, ಹೀಗೆ ಛೇದವನ್ನು ಮೂರರಿಂದ ಗುಣಿಸುತ್ತಾ ಹೋಗಿ. ಕೊನೆಯ ತುಂಡಿಗೆ ಮಾತ್ರ ಹಿಂದಿನ ಛೇದದ ಎರಡರಷ್ಟು. ನಾಲ್ಕು ತುಂಡು ಬೇಕಿದ್ದರೆ 1/2 + 1/3 + 1/9 + 1/18. ಕೂಡಿ ನೋಡಿ, ಸರಿಯಾಗಿ ಒಂದು ಬರುತ್ತದೆ. ಮೂರರ ಗುಣೋತ್ತರ ಶ್ರೇಢಿ ಅರ್ಧದ ಕಡೆಗೆ ಹೋಗುತ್ತಿರುತ್ತದೆ, ಎಲ್ಲಿ ನಿಲ್ಲಿಸಿದರೂ ಉಳಿಯುವ ಕೊರತೆ ಕೊನೇ ತುಂಡಿನ ಅರ್ಧದಷ್ಟೇ ಇರುತ್ತದೆ. ಬಿಎಸ್ಸಿ ಮೊದಲ ವರ್ಷದ ಹುಡುಗರಿಗೂ ಅರ್ಥವಾಗುವ ಮಾತು. ಅಲ್ಲಿಂದ ಶುರು ಮಾಡಿ, 1948ರ ಎರ್ಡೋಶ್-ಸ್ಟ್ರಾಸ್ ಊಹೆಯವರೆಗೆ ಲೇಖನ ಹೋಗುತ್ತಿತ್ತು. ಎರಡು ಅಥವಾ ಅದಕ್ಕಿಂತ ದೊಡ್ಡ ಯಾವ ಪೂರ್ಣ ಸಂಖ್ಯೆ n ತೆಗೆದುಕೊಂಡರೂ 4/n ಅನ್ನು ಅಂಶ 1 ಇರುವ ಮೂರು ಭಿನ್ನರಾಶಿಗಳ ಮೊತ್ತವಾಗಿ ಬರೆಯಬಹುದು ಎಂಬ ಊಹೆ ಅದು, ಇವತ್ತಿಗೂ ಬಗೆಹರಿದಿಲ್ಲ. ಹೊಸ ಪ್ರಮೇಯ ಒಂದೂ ಇರಲಿಲ್ಲ. ಹೇಳುವ ಕ್ರಮವೇ ನಮ್ಮ ಬಂಡವಾಳ.

ಇದಕ್ಕೆ ಸರಿಯಾದ ಜಾಗಗಳು ಇಲ್ಲದೆ ಇಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಅಕಾಡೆಮಿಯವರ 'ರೆಸೊನೆನ್ಸ್' 1996ರಿಂದ ಬರುತ್ತಿದೆ. ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯದವರ 'ಅಟ್ ರೈಟ್ ಆಂಗಲ್ಸ್' ಇದೆ. ಹೊರಗೆ 'ಅಮೆರಿಕನ್ ಮ್ಯಾಥಮೆಟಿಕಲ್ ಮಂತ್ಲಿ', ಇಂಗ್ಲೆಂಡಿನ 'ಮ್ಯಾಥಮೆಟಿಕಲ್ ಗೆಜೆಟ್', ಎರಡೂ 1894ರಷ್ಟು ಹಳೆಯವು. ಯಾವುದರಲ್ಲೂ ಲೇಖನ ಹಾಕಿಸಲು ಲೇಖಕರು ದುಡ್ಡು ಕೊಡಲೇಬೇಕು ಅಂತಿಲ್ಲ. ಇದು ನೆನಪಿರಲಿ, ಮುಂದೆ ಬೇಕಾಗುತ್ತದೆ. ಆದರೆ ಇಲ್ಲೆಲ್ಲ ತಿಂಗಳುಗಟ್ಟಲೆ ಕಾಯಬೇಕು. ಮೇಡಂಗೆ ಪ್ರಮೋಷನ್ ಫೈಲ್ ಕೊಡುವ ಸಮಯ ಹತ್ತಿರ ಬಂದಿತ್ತು. ಅದೇ ಹೊತ್ತಿಗೆ ಒಂದು ಮೇಲ್ ಬಂತು.

ನೀವೂ ಇಂಥ ಮೇಲ್ ನೋಡಿರುತ್ತೀರಿ. ನಾವು ಯಾವುದೋ ಸೆಮಿನಾರಿನಲ್ಲಿ ಮಾಡಿದ ಭಾಷಣದ ಶೀರ್ಷಿಕೆ ಹಾಕಿ, 'ತಮ್ಮ ಅಮೂಲ್ಯ ಸಂಶೋಧನೆ' ಅಂತ ಹೊಗಳಿ, ಗಣಿತವನ್ನು ಎಲ್ಲರಿಗೂ ತಿಳಿಸುವ ಲೇಖನಗಳಿಗಾಗಿಯೇ ವಿಶೇಷ ಸಂಚಿಕೆ ಮಾಡುತ್ತಿದ್ದೇವೆ, ಬೇಗ ಕಳಿಸಿ ಅಂತ. ವೆಬ್‌ಸೈಟಿನಲ್ಲಿ ಐಎಸ್‌ಎಸ್‌ಎನ್ ನಂಬರ್, ಇಂಪ್ಯಾಕ್ಟ್ ಫ್ಯಾಕ್ಟರ್ (ಜರ್ನಲ್‌ನ ಲೇಖನಗಳನ್ನು ಬೇರೆಯವರು ಸರಾಸರಿ ಎಷ್ಟು ಸಲ ಉಲ್ಲೇಖಿಸುತ್ತಾರೆ ಎಂಬ ಅಂಕ), ದೊಡ್ಡ ಅಕ್ಷರದಲ್ಲಿ 'ಯುಜಿಸಿ ಮಾನ್ಯತೆ', ಅಂದರೆ ವಿಶ್ವವಿದ್ಯಾಲಯ ಅನುದಾನ ಆಯೋಗದ ಒಪ್ಪಿಗೆ, ಎಲ್ಲ ಇತ್ತು. ಕಳಿಸಿದೆವು. ವಾರ ಕಳೆಯುವುದರೊಳಗೆ ಅಕ್ಸೆಪ್ಟ್ ಆಯಿತು.

ರಿವ್ಯೂ ಅಂತ ಬಂದ ಕಾಗದವನ್ನು ನಾನು ಇನ್ನೂ ಇಟ್ಟುಕೊಂಡಿದ್ದೇನೆ. ಒಂದು ಟೇಬಲ್. ಭಾಷೆ ಉತ್ತಮ, ಸ್ವಂತಿಕೆ ಉತ್ತಮ, ಎದುರಿಗೆ ಟಿಕ್ ಮಾರ್ಕ್. ಕೆಳಗೆ ಎರಡು ಸಲಹೆ. ಒಂದು, ಲೇಖನದಲ್ಲಿ 'ಸಾಮಗ್ರಿ ಮತ್ತು ವಿಧಾನ' ಎಂಬ ವಿಭಾಗ ಇಲ್ಲ, ಸೇರಿಸಿ. ಭಿನ್ನರಾಶಿ ಕೂಡುವುದಕ್ಕೆ ಯಾವ ಸಾಮಗ್ರಿ ಬರೆಯಲಿ ಹೇಳಿ, ಸೀಮೆಸುಣ್ಣವಾ? ಎರಡು, ಈ ಕೆಳಗಿನ ಪೇಪರ್‌ಗಳನ್ನು ಉಲ್ಲೇಖಿಸಿ ಅಂತ ಒಂದು ಪಟ್ಟಿ. ಎಲ್ಲವೂ ಅದೇ ಜರ್ನಲ್‌ನವು, ಒಂದಕ್ಕೂ ನಮ್ಮ ವಿಷಯಕ್ಕೂ ಸಂಬಂಧವಿಲ್ಲ. ನಮ್ಮ ಒಂದು ಉದಾಹರಣೆಯನ್ನಾದರೂ ಆ ರೆಫರಿ ಕೂಡಿ ನೋಡಿದ್ದಕ್ಕೆ ಎಲ್ಲೂ ಗುರುತಿಲ್ಲ.

ಒಳ್ಳೆಯ ಜರ್ನಲ್‌ನ ರಿಪೋರ್ಟ್ ಹೇಗಿರುತ್ತದೆ ಅಂತ ಗೊತ್ತಿಲ್ಲದವರಿಗೆ ಹೇಳುತ್ತೇನೆ. ಇಂಥ ಪುಟದ ಇಂಥ ಸಾಲಿನಲ್ಲಿ 'ಸುಲಭವಾಗಿ ಕಾಣುತ್ತದೆ' ಅಂದಿದ್ದೀರಿ, ವಿದ್ಯಾರ್ಥಿಗೆ ಕಾಣುವುದಿಲ್ಲ, ಬಿಡಿಸಿ ಬರೆಯಿರಿ ಅನ್ನುತ್ತಾರೆ. ಎರಡನೇ ಸಾಧನೆ ಬೇಡ, ಮೊದಲನೆಯದೇ ಸಾಕು ಅನ್ನುತ್ತಾರೆ. ಈ ಮಾತು ಈಗಾಗಲೇ ಇನ್ನೊಬ್ಬರು ಬರೆದಿದ್ದಾರೆ, ಅವರ ಹೆಸರು ಹಾಕಿ ಅನ್ನುತ್ತಾರೆ. ಓದಿದರೆ ಸಿಟ್ಟು ಬರುತ್ತದೆ, ಆದರೆ ಆ ಮನುಷ್ಯ ನಿಮ್ಮ ಲೇಖನವನ್ನು ಪೆನ್ ಹಿಡಿದು ಓದಿದ್ದಾನೆ ಅಂತ ಗೊತ್ತಾಗುತ್ತದೆ. ಎಷ್ಟೋ ಸಲ ರಿವ್ಯೂಗೂ ಹೋಗದೆ ಎಡಿಟರ್ ಮೇಜಿನಿಂದಲೇ ವಾಪಸ್ ಬರುತ್ತದೆ. ಅದೂ ಪರವಾಗಿಲ್ಲ. ವಾಪಸ್ ಬಂದ ಲೇಖನ ನಿಮ್ಮದಾಗಿಯೇ ಉಳಿಯುತ್ತದಲ್ವಾ.

ಅಕ್ಸೆಪ್ಟ್ ಆದ ದಿನವೇ ಬಿಲ್ ಬಂತು. ಪಬ್ಲಿಷ್ ಮಾಡಲು ಇಷ್ಟು, ಡಿಒಐ (ಲೇಖನದ ಆನ್‌ಲೈನ್ ಗುರುತಿನ ನಂಬರ್) ಬೇಕಿದ್ದರೆ ಇನ್ನಷ್ಟು, ಸರ್ಟಿಫಿಕೇಟ್‌ಗೆ ಒಬ್ಬೊಬ್ಬ ಲೇಖಕರಿಗೂ ಬೇರೆ ಬೇರೆ. ಜೊತೆಗೆ ಕಾಪಿರೈಟ್ ಫಾರ್ಮ್. ಬಿಲ್ ಮೇಲೆ ಎಲ್ಲರ ಕಣ್ಣು ಹೋಗುತ್ತದೆ, ಫಾರ್ಮ್ ಮೇಲೆ ಯಾರ ಕಣ್ಣೂ ಹೋಗುವುದಿಲ್ಲ. ಆದರೆ ವಿಷ ಇರುವುದು ಆ ಫಾರ್ಮ್‌ನಲ್ಲಿ. ಲೇಖನದ ಎಲ್ಲ ಹಕ್ಕು ಅವರಿಗೆ, ಬೇರೆ ಎಲ್ಲೂ ಯಾವ ರೂಪದಲ್ಲೂ ಪಬ್ಲಿಷ್ ಮಾಡುವಂತಿಲ್ಲ, ವಾಪಸ್ ತೆಗೆದುಕೊಳ್ಳಬೇಕಿದ್ದರೆ ಪ್ರತ್ಯೇಕ ಶುಲ್ಕ.

ನಾವೂ ಸಹಿ ಹಾಕಿ ದುಡ್ಡು ಕಟ್ಟಿಬಿಟ್ಟೆವು. ಪ್ರೂಫ್, ಅಂದರೆ ಪ್ರಕಟಿಸುವ ಮುಂಚೆ ಲೇಖಕರು ತಿದ್ದಿಕೊಡುವ ಪ್ರತಿ, ಕಳಿಸಲೇ ಇಲ್ಲ. ಒಂದು ದಿನ ಲಿಂಕ್ ಬಂತು, ತೆಗೆದು ನೋಡಿದರೆ ಲೇಖನ ಆನ್‌ಲೈನ್ ಆಗಿದೆ. ನಾವು ಲೇಟೆಕ್‌ನಲ್ಲಿ (ಗಣಿತ ಬರೆಯಲು ಬಳಸುವ ಸಾಫ್ಟ್‌ವೇರ್) ನೀಟಾಗಿ ಮಾಡಿಕೊಟ್ಟಿದ್ದನ್ನು ಯಾರೋ ಕಾಪಿ ಮಾಡಿ ವರ್ಡ್‌ಗೆ ಹಾಕಿದ್ದಾರೆ. ಘಾತಗಳೆಲ್ಲ ಕೆಳಗೆ ಬಿದ್ದಿವೆ. 3² ಎಂದು ಇದ್ದಲ್ಲೆಲ್ಲ 32. ನಿಯಮ ಕಾಣಲಿ ಅಂತ ನಾವು ಉದಾಹರಣೆಯಲ್ಲಿ ಒಂಬತ್ತನ್ನು 3² ಅಂತಲೇ ಬರೆದಿದ್ದೆವು. ಅವರ ಪುಟದಲ್ಲಿ ಅದು 1/2 + 1/3 + 1/32 + 1/(2·32) = 1. ಕೂಡಿದರೆ 0.88 ಬರುತ್ತದೆ. ಸಾವಿರ ವರ್ಷಕ್ಕೂ ಹಿಂದೆ ಮಹಾವೀರಾಚಾರ್ಯರು ಸರಿಯಾಗಿ ಹೇಳಿದ ಲೆಕ್ಕವನ್ನು ಇವರು ಕಾಪಿ-ಪೇಸ್ಟ್‌ನಲ್ಲಿ ತಪ್ಪು ಮಾಡಿಬಿಟ್ಟರು, ಕೆಳಗೆ ಹೆಸರು ನಮ್ಮದು. ಸಾಮಾನ್ಯ ಸೂತ್ರದಲ್ಲಿ (ಎನ್ ಅಂದರೆ ತುಂಡುಗಳ ಸಂಖ್ಯೆ) ಮೂರರ ಘಾತ 'ಎನ್ ಕಳೆ ಎರಡು' ಅಂತ ಇದ್ದದ್ದು 'ಮೂರು ಎನ್ ಕಳೆ ಎರಡು' ಆಗಿತ್ತು, ಅಂದರೆ ಗುಣೋತ್ತರ ಶ್ರೇಢಿಯೇ ಹೋಗಿ ಸಮಾಂತರ ಶ್ರೇಢಿ ಕೂತಿತ್ತು. ಎರಡನೇ ಚಿತ್ರ ಕಾಣೆ. ಅದರ ಕೆಳಗಿನ ವಿವರಣೆ ಮಾತ್ರ ಇದೆ.

ಮೇಡಂ ತಕ್ಷಣ ಮೇಲ್ ಮಾಡಿದರು. ಉತ್ತರ ಇಲ್ಲ. ಬಿಲ್ ಕಳಿಸಿದ್ದ ವಾಟ್ಸ್‌ಆ್ಯಪ್ ನಂಬರಿಗೆ ಫೋನ್ ಮಾಡಿದರೆ ಒಬ್ಬ ಹುಡುಗ ಎತ್ತಿದ.

"ಮೇಡಂ, ಪೇಪರ್ ಲೈವ್ ಆಗಿಬಿಟ್ಟಿದೆ. ಕರೆಕ್ಷನ್‌ಗೆ ಚಾರ್ಜ್ ಆಗುತ್ತೆ."

"ತಪ್ಪು ಮಾಡಿದ್ದು ನೀವು."

"ಅದು ಟೆಕ್ನಿಕಲ್ ಟೀಮ್ ಮೇಡಂ. ನಮ್ಮ ಕೈಯಲ್ಲಿ ಇಲ್ಲ."

ಹಾಗಾದರೆ ಲೇಖನ ತೆಗೆದುಬಿಡಿ ಅಂದರು ಮೇಡಂ. ತೆಗೆಯುವುದಕ್ಕೆ ಕೇಳಿದ್ದು ಹಾಕುವುದಕ್ಕೆ ಕೊಟ್ಟಿದ್ದಕ್ಕಿಂತ ಜಾಸ್ತಿ.

ಇದು ನಮಗೆ ಮಾತ್ರ ಆದ ವಿಚಿತ್ರ ಅಂದುಕೊಳ್ಳಬೇಡಿ, ಈ ದಂಧೆ ನಡೆಯುವುದೇ ಹೀಗೆ. ಹೈದರಾಬಾದಿನಿಂದ ನಡೆಯುತ್ತಿದ್ದ ಒಂದು ದೊಡ್ಡ ಪ್ರಕಾಶನ ಸಂಸ್ಥೆಯ ಮೇಲೆ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ 2016ರಲ್ಲಿ ಕೇಸು ಹಾಕಿತ್ತು. ದೂರಿನಲ್ಲಿದ್ದ ಒಂದು ಮುಖ್ಯ ಅಂಶ ಇದೇ: ಲೇಖಕರು ಬೇಡ ಅಂದರೂ ಪೇಪರ್ ವಾಪಸ್ ಕೊಡುವುದಿಲ್ಲ, ಹಾಗಾಗಿ ಅವರು ಬೇರೆ ಕಡೆ ಕಳಿಸಲೂ ಆಗುವುದಿಲ್ಲ. 2019ರಲ್ಲಿ ಕೋರ್ಟು 5 ಕೋಟಿ ಡಾಲರ್‌ಗೂ ಹೆಚ್ಚು ಕಟ್ಟಲು ಹೇಳಿತು. ಗಣಿತದಲ್ಲಂತೂ ಇನ್ನೂ ತಮಾಷೆ. 2012ರಲ್ಲಿ ನೇಟ್ ಎಲ್ಡ್ರೆಜ್ ಎಂಬ ಗಣಿತಜ್ಞರು ಮ್ಯಾಥ್‌ಜೆನ್ ಅಂತ ಒಂದು ಪ್ರೋಗ್ರಾಂ ಮಾಡಿದರು. ಅದು ಗಣಿತದ ಪದಗಳನ್ನು ಸುಮ್ನೆ ಕಲಸಿ, ಪ್ರಮೇಯ, ಸಾಧನೆ ಎಲ್ಲ ಇರುವ ಹಾಗೆ ಕಾಣುವ, ಆದರೆ ಅರ್ಥವೇ ಇಲ್ಲದ ಪೇಪರ್ ಕೊಡುತ್ತದೆ. ಅಂಥ ಒಂದು ಪೇಪರನ್ನು ದುಡ್ಡು ತೆಗೆದುಕೊಳ್ಳುವ ಒಂದು ಗಣಿತ ಜರ್ನಲ್ ಅಕ್ಸೆಪ್ಟ್ ಮಾಡಿತು. 500 ಡಾಲರ್ ಕಟ್ಟಿದ್ದರೆ ಪ್ರಿಂಟೂ ಆಗುತ್ತಿತ್ತು, ಅವರು ಕಟ್ಟಲಿಲ್ಲ.

ಸರಿ, ದುಡ್ಡು ಹೋಯಿತು, ಲೇಖನವನ್ನಾದರೂ ಉಳಿಸಿಕೊಳ್ಳೋಣ ಅಂತ ಅದನ್ನು ಮತ್ತೆ ತಿದ್ದಿ, ಹಿಂದೆ ನಡೆದಿದ್ದನ್ನೆಲ್ಲ ಕವರ್ ಲೆಟರ್‌ನಲ್ಲಿ ಬರೆದು ಒಂದು ನಿಜವಾದ ಜರ್ನಲ್‌ಗೆ ಕಳಿಸಿದೆವು. ಎಡಿಟರ್ ತುಂಬ ಮರ್ಯಾದೆಯಿಂದ ಉತ್ತರ ಬರೆದರು. ಲೇಖನ ಇಷ್ಟವಾಯಿತು, ಆದರೆ ಇದು ಪ್ರಕಟವಾಗಿರುವ ಲೇಖನ, ಹಕ್ಕೂ ಬೇರೆಯವರ ಹತ್ತಿರ ಇದೆ, ನಾವು ತೆಗೆದುಕೊಳ್ಳಲಾಗದು ಅಂತ. ಅವರದು ತಪ್ಪಲ್ಲ. ಹೊಸ ಪ್ರಮೇಯ ಇರುವವರು ಅದನ್ನು ಇನ್ನಷ್ಟು ಬೆಳೆಸಿ ಮತ್ತೊಂದು ಪೇಪರ್ ಮಾಡಬಹುದು. ನಮ್ಮಂಥ ಲೇಖನದಲ್ಲಿ ಹೇಳುವ ರೀತಿ ಬಿಟ್ಟು ಬೇರೇನಿದೆ? ಅದನ್ನೇ ಕೊಟ್ಟ ಮೇಲೆ ಕೈಯಲ್ಲಿ ಉಳಿಯುವುದು ಏನೂ ಇಲ್ಲ.

ಪ್ರಮೋಷನ್‌ಗಾದರೂ ಬಂತಾ ಅಂದರೆ ಅದೂ ಇಲ್ಲ. ವೆಬ್‌ಸೈಟಿನಲ್ಲಿ ಹಾಕಿಕೊಂಡಿದ್ದ 'ಯುಜಿಸಿ ಮಾನ್ಯತೆ' ಹಳೆಯ ಪಟ್ಟಿಯದು. 2018ರ ಮೇ ತಿಂಗಳಲ್ಲಿ ಯುಜಿಸಿ ಆ ಪಟ್ಟಿಯಿಂದ 4,305 ಜರ್ನಲ್‌ಗಳನ್ನು ಕಿತ್ತುಹಾಕಿತ್ತು, ಇದೂ ಅದರಲ್ಲಿ ಒಂದು. ಆಮೇಲೆ ಯುಜಿಸಿ ತಂದ ಒಳ್ಳೆಯ ಜರ್ನಲ್‌ಗಳ ಕೇರ್ ಪಟ್ಟಿಯಲ್ಲಿ ಇದರ ಹೆಸರೇ ಇರಲಿಲ್ಲ. ಕಮಿಟಿಯವರು ಫೈಲ್ ನೋಡಿ ಆ ಪೇಪರ್‌ಗೆ ಅಂಕ ಕೊಡಲಿಲ್ಲ. ಈಗ ಆ ಕೇರ್ ಪಟ್ಟಿಯೂ ಇಲ್ಲ, 2025ರ ಫೆಬ್ರವರಿಯಲ್ಲಿ ಯುಜಿಸಿ ಅದನ್ನು ನಿಲ್ಲಿಸಿದೆ. ಜರ್ನಲ್ ಒಳ್ಳೆಯದೋ ಕೆಟ್ಟದ್ದೋ ಅಂತ ಆಯಾ ಸಂಸ್ಥೆಗಳೇ ನೋಡಿಕೊಳ್ಳಬೇಕು. ಕಳ್ಳರಿಗೆ ಇದರಿಂದ ಅನುಕೂಲವೇ ಆಯಿತು ಅಂತ ನನ್ನ ಅಭಿಪ್ರಾಯ. ಈಗ ಬರುವ ಮೇಲ್‌ಗಳಲ್ಲಿ 'ಯುಜಿಸಿ ಹೊಸ ಮಾನದಂಡಗಳ ಪ್ರಕಾರ' ಅಂತ ಸಾಲು ಸೇರಿಕೊಂಡಿದೆ.

ಹಾಗಾಗಿ ನೀವೇ ನೋಡಿಕೊಳ್ಳಬೇಕು. ಐಎಸ್‌ಎಸ್‌ಎನ್ ಇದೆ ಅಂತ ನಂಬಬೇಡಿ, ಅದು ಪತ್ರಿಕೆಯ ಗುರುತಿನ ನಂಬರ್ ಅಷ್ಟೇ, ನಮ್ಮ ದೇಶದಲ್ಲಿ ಪುಕ್ಕಟೆ ಸಿಗುತ್ತದೆ. ಡಿಒಐ ಕೂಡ ಹಾಗೇ, ಲೇಖನ ಎಲ್ಲಿದೆ ಅಂತ ಹೇಳುತ್ತದೆ, ಹೇಗಿದೆ ಅಂತ ಹೇಳುವುದಿಲ್ಲ. ಇಂಪ್ಯಾಕ್ಟ್ ಫ್ಯಾಕ್ಟರ್ ಅಂದರೆ ಅದನ್ನು ನಿಜವಾಗಿ ಲೆಕ್ಕ ಹಾಕುವ ಕ್ಲಾರಿವೇಟ್ ಕಂಪನಿಯವರದ್ದಾ ಅಂತ ನೋಡಿ. ಬೇರೆ ಯಾವ್ಯಾವುದೋ ಹೆಸರಿನಲ್ಲಿ ಅಂಕ ಮಾರುವ ಅಂಗಡಿಗಳಿವೆ. ಗಣಿತದ ಜರ್ನಲ್ ಅಂದರೆ ಜೆಡ್‌ಬಿಮ್ಯಾಥ್‌ನಲ್ಲಿ (zbMATH, ಗಣಿತದ ಲೇಖನಗಳ ಆನ್‌ಲೈನ್ ಸೂಚಿ) ಹುಡುಕಿ, 2021ರಿಂದ ಅದು ಎಲ್ಲರಿಗೂ ಉಚಿತ. ಎಡಿಟೋರಿಯಲ್ ಬೋರ್ಡ್‌ನಲ್ಲಿ ಹೆಸರಿರುವ ಒಬ್ಬರಿಗೆ ಅವರ ಯೂನಿವರ್ಸಿಟಿ ವಿಳಾಸಕ್ಕೇ ಮೇಲ್ ಹಾಕಿ ಕೇಳಿ. ನಾನು ಆಮೇಲೆ ಕೇಳಿದೆ. ತಮ್ಮ ಹೆಸರು ಅಲ್ಲಿ ಇರುವುದು ಆ ಪ್ರೊಫೆಸರ್‌ಗೇ ಗೊತ್ತಿರಲಿಲ್ಲ.

ಇದಕ್ಕೆಲ್ಲ ಸಮಯ ಇಲ್ಲದಿದ್ದರೆ ಒಂದೇ ಒಂದು ಕೆಲಸ ಮಾಡಿ: ಹಳೆಯ ಸಂಚಿಕೆ ತೆಗೆದು ಎರಡು ಲೇಖನ ಓದಿ. ನಮ್ಮ ಲೇಖನದ ಪಕ್ಕದಲ್ಲೇ ಬದನೆಕಾಯಿ ಮಾರುಕಟ್ಟೆಯ ಬಗ್ಗೆ ಒಂದು ಪೇಪರ್ ಇತ್ತು. ಗಣಿತದ ವಿಶೇಷ ಸಂಚಿಕೆ!

ಕಳಿಸುವ ಮುಂಚೆ ನಿಮ್ಮ ಪ್ರತಿಯನ್ನು ಆರ್ಕೈವ್‌ನಲ್ಲಿ (arXiv, ಸಂಶೋಧಕರು ತಮ್ಮ ಲೇಖನಗಳನ್ನು ಎಲ್ಲರೂ ಓದಲು ಹಾಕುವ ವೆಬ್‌ಸೈಟ್) ಹಾಕಿಡಬಹುದು. ದುಡ್ಡು ಬೇಡ, ತಾರೀಖು ಬೀಳುತ್ತದೆ, ಘಾತಗಳು ಮೇಲೆಯೇ ಇರುತ್ತವೆ. ಮೊದಲ ಸಲ ಹಾಕುವವರಿಗೆ ಅಲ್ಲಿ ಈಗಾಗಲೇ ಇರುವವರ ಶಿಫಾರಸು ಬೇಕಾಗಬಹುದು, ನಿಮ್ಮ ಗೈಡ್ ಅಥವಾ ಪರಿಚಯದ ಪ್ರೊಫೆಸರ್ ಒಬ್ಬರನ್ನು ಕೇಳಿ. ನೀವು ಕಳಿಸಬೇಕೆಂದಿರುವ ಜರ್ನಲ್ ಅದಕ್ಕೆ ಒಪ್ಪುತ್ತದಾ ಅಂತ ಮಾತ್ರ ಮೊದಲೇ ನೋಡಿಕೊಳ್ಳಿ.

ಈಗಾಗಲೇ ಇಂಥವರಿಗೆ ಕಳಿಸಿ, ಅಕ್ಸೆಪ್ಟ್ ಆಗಿದೆ, ಆದರೆ ದುಡ್ಡು ಕಟ್ಟಿಲ್ಲ, ಫಾರ್ಮ್‌ಗೆ ಸಹಿ ಹಾಕಿಲ್ಲ ಅನ್ನುವವರು ಇವತ್ತೇ 'ಲೇಖನ ಹಿಂದಕ್ಕೆ ಪಡೆಯುತ್ತಿದ್ದೇವೆ, ಯಾವ ಹಕ್ಕೂ ಕೊಟ್ಟಿಲ್ಲ' ಅಂತ ಎರಡು ಸಾಲಿನ ಮೇಲ್ ಕಳಿಸಿ. ಜೊತೆಗೆ ಬರೆದವರೆಲ್ಲರನ್ನೂ ಸಿಸಿಯಲ್ಲಿ ಇಡಿ. ಕಳಿಸಿದ ಮೇಲ್, ಅವರ ಬಿಲ್, ವೆಬ್‌ಸೈಟಿನ ಪುಟ, ಎಲ್ಲದರ ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಳ್ಳಿ. ಮುಂದೆ ಅವರು ಕೇಳದೆ ಹಾಕಿಬಿಟ್ಟರೂ ನಿಜವಾದ ಜರ್ನಲ್‌ನ ಎಡಿಟರ್‌ಗೆ ತೋರಿಸಲು ನಿಮ್ಮ ಹತ್ತಿರ ಕಾಗದ ಇರುತ್ತದೆ. ಹಿಂದಕ್ಕೆ ಪಡೆಯಲು ಶುಲ್ಕ ಕಟ್ಟಿ ಅಂತ ಹೆದರಿಸುತ್ತಾರೆ, ಲೀಗಲ್ ನೋಟಿಸ್ ಅನ್ನುತ್ತಾರೆ. ಕಟ್ಟಬೇಡಿ.